ಲೈಪ್‌ಜಿಗ್‌ನ ಕಲ್ಲು, ಊರಿನ ಸಾಲ

ಜರ್ಮನಿಯ ಲೈಪ್‌ಜಿಗ್‌ನಲ್ಲಿ ಕಲ್ಲಿನ ಮೇಲೆ ಚಿತ್ರ ಬರೆದು ಕಾಗದಕ್ಕೆ ಅಚ್ಚು ತೆಗೆಯುವುದನ್ನು ಕಲಿತು, ಊರಿಗೆ ಬಂದು ಮುಟ್ಟಿದ್ದೇನೆ. ಹೋಗುವಾಗ ಯಾರಿಗೂ ಸರಿಯಾಗಿ ಹೇಳಿ ಹೋಗಲಿಕ್ಕೆ ಆಗಲಿಲ್ಲ, ವೀಸಾ ಕೈಗೆ ಸಿಕ್ಕಿದ್ದೇ ವಿಮಾನ ಹತ್ತುವ ವಾರ. ಹಾಗಾಗಿ ಥ್ಯಾಂಕ್ಸ್ ಎಲ್ಲ ಈಗ, ಒಟ್ಟಿಗೆ. ಬರಹ ಸ್ವಲ್ಪ ಉದ್ದ ಉಂಟು. ಸಾಲ ಕೊಟ್ಟವರು ಮಾತ್ರ ದಯವಿಟ್ಟು ಕೊನೆಯವರೆಗೆ ಓದಿ.

ಮೊದಲು ದುಡ್ಡಿನ ಮಾತೇ ಆಗಲಿ. ನಾನು ಹೋದದ್ದು ಎಕ್ಸ್‌ಚೇಂಜ್‌ನಲ್ಲಿ, ಅಂದರೆ ನಮ್ಮ ಕಾಲೇಜಿನಿಂದ ಕೆಲವು ತಿಂಗಳು ಬೇರೆ ದೇಶದ ಕಾಲೇಜಿಗೆ. ಅದೆಲ್ಲ ಫ್ರೀ ಎಂದು ಸುಮಾರು ಜನ ತಿಳಿದಿದ್ದಾರೆ. ಅಲ್ಲಿ ಫೀಸಿಲ್ಲ, ನಿಜ. ಆದರೆ ಸ್ಕಾಲರ್‌ಶಿಪ್ ಇಲ್ಲದವರು ಊಟ, ಬಾಡಿಗೆಯ ಹಣವನ್ನು ಹೊರಡುವ ಮೊದಲೇ ಬ್ಲಾಕ್ಡ್ ಅಕೌಂಟಿಗೆ ತುಂಬಬೇಕು. 2024ರಲ್ಲಿ ನಾನು ಹೋಗುವ ಹೊತ್ತಿಗೆ ತಿಂಗಳಿಗೆ 992 ಯೂರೋ. ಆರು ತಿಂಗಳಿಗೆ ಗುಣಿಸಿದರೆ ಐದು ಲಕ್ಷ ರೂಪಾಯಿ ದಾಟುತ್ತದೆ. ನಮ್ಮದೇ ಹಣ, ಅಲ್ಲಿ ಹೋದ ಮೇಲೆ ತಿಂಗಳು ತಿಂಗಳು ನಮಗೇ ಬಿಡುತ್ತಾರೆ, ಆದರೆ ಮೊದಲು ಇರಬೇಕಲ್ಲ.

ದೊಡ್ಡಪ್ಪ ಆ ವರ್ಷದ ಅಡಿಕೆ ಒಣಗುವ ಮೊದಲೇ ಸೊಸೈಟಿಯಿಂದ ಸಾಲ ತೆಗೆದುಕೊಟ್ಟರು. "ಕಲ್ಲಿನ ಕೆಲಸ ಕಲಿಯಲಿಕ್ಕೆ ಜರ್ಮನಿಗೆ ಯಾಕೆ, ಕಾರ್ಕಳದಲ್ಲಿ ಕಲ್ಲಿಲ್ಲವಾ?" ಎಂದು ಕೇಳಿದ್ದು ಸಹಿ ಹಾಕಿದ ಮೇಲೆ. ಅಮ್ಮನ ಸಂಘದ ಅಕ್ಕಂದಿರು ತಮ್ಮ ಸರದಿ ಬಿಟ್ಟು ಅಮ್ಮನಿಗೆ ಮೊದಲು ಸಾಲ ಸಿಗುವ ಹಾಗೆ ಮಾಡಿದರು. ಅವರಲ್ಲಿ ಹೆಚ್ಚಿನವರು ನನ್ನ ಒಂದು ಚಿತ್ರವನ್ನೂ ನೋಡಿದವರಲ್ಲ. ಮೈಸೂರಿನ ನಮ್ಮ ಪ್ರಿಂಟ್‌ಮೇಕಿಂಗ್ (ಅಚ್ಚಿನ ಚಿತ್ರಕಲೆ) ಸರ್ ರಜೆಯಲ್ಲಿ ಕಾಲೇಜಿಗೆ ಬಂದು, ಪೋರ್ಟ್‌ಫೋಲಿಯೋದ ಒಂದೊಂದು ಪ್ರಿಂಟನ್ನೂ ಬೆಳಕು ನೋಡಿ ಫೋಟೋ ತೆಗೆದುಕೊಟ್ಟರು. ಅರ್ಧಕ್ಕರ್ಧ ಪ್ರಿಂಟ್ ಬೇಡ ಎಂದು ತೆಗೆದು ಇಟ್ಟವರೂ ಅವರೇ. ಅದಕ್ಕೂ ಥ್ಯಾಂಕ್ಸ್ ಸರ್, ಆಗ ಸಿಟ್ಟು ಬಂದಿತ್ತು.

ಹೋದದ್ದು ಲೈಪ್‌ಜಿಗ್‌ನ ಗ್ರಾಫಿಕ್ ಮತ್ತು ಪುಸ್ತಕ ಕಲೆಯ ಅಕಾಡೆಮಿಗೆ. 1764ರಲ್ಲಿ ಶುರುವಾದದ್ದು. ಅದರ ಮೊದಲ ನಿರ್ದೇಶಕ ಓಯ್ಸರ್ ಹತ್ತಿರ, ಆಗ ಅದೇ ಊರಲ್ಲಿ ಕಾನೂನು ಓದುತ್ತಿದ್ದ, ಮುಂದೆ ದೊಡ್ಡ ಕವಿಯಾದ ಗಯಟೆ ಚಿತ್ರ ಕಲಿತಿದ್ದ. ನನಗೆ ಬೇಕಿದ್ದದ್ದು ಮಾತ್ರ ಅಲ್ಲಿನ ಲಿಥೋ ವರ್ಕ್‌ಶಾಪ್, ನಮ್ಮ ಹಳೆಯವರು ಕಲ್ಲಚ್ಚು ಅನ್ನುತ್ತಿದ್ದದ್ದು. ಅದನ್ನು ನೋಡಿಕೊಳ್ಳುವವರು ಹೆಸರು ಹಾಕಬೇಡ ಎಂದಿದ್ದಾರೆ, ಹಾಕುವುದಿಲ್ಲ.

ಅವರ ಇಂಗ್ಲಿಷ್ ಅಷ್ಟಕ್ಕಷ್ಟೆ, ನನ್ನ ಜರ್ಮನ್ ಅದಕ್ಕಿಂತ ಕಡೆ. ಪಾಠವೆಲ್ಲ ಕೈಯಲ್ಲೇ ಆಯಿತು. ಮೊದಲ ವಾರಗಳಲ್ಲಿ ನನಗೆ ಚಿತ್ರ ಬಿಡಿಸಲಿಕ್ಕೇ ಬಿಡಲಿಲ್ಲ. ಕಲ್ಲಿನ ಮೇಲೆ ಕಾರ್ಬೊರಂಡಮ್ ಎಂಬ ಗಟ್ಟಿ ಉಜ್ಜುವ ಪುಡಿ, ನೀರು ಹಾಕಿ, ಇನ್ನೊಂದು ಕಲ್ಲಿನಿಂದ ತಿಕ್ಕಿ ಹಳೆಯ ಚಿತ್ರ ತೆಗೆಯುವುದು. ಅಜ್ಜಿ ಕಡೆಯುವ ಕಲ್ಲಿನ ಮುಂದೆ ಕೂತು ಮಸಾಲೆ ಅರೆದ ಹಾಗೆಯೇ, ತೋಳು ಬಿದ್ದು ಹೋಗುತ್ತದೆ. ಮೊದಲು ದಪ್ಪ ಪುಡಿ, ಆಮೇಲೆ ಸಣ್ಣದು, ಆಮೇಲೆ ಇನ್ನೂ ಸಣ್ಣದು. ನಡುವೆ ತಗ್ಗಾಗಿದ್ದರೆ ಪ್ರಿಂಟ್ ಕೆಡುತ್ತದೆ ಎಂದು ಅವರು ಕಬ್ಬಿಣದ ಪಟ್ಟಿ ಇಟ್ಟು, ಅದರಡಿ ಕಾಗದದ ಚೂರು ತೂರಿಸಿ ನೋಡುತ್ತಿದ್ದರು. ಕಾಗದ ಜಾರಿತೋ, ತಲೆ ಆಡಿಸಿ ಹೊರಟು ಹೋಗುವುದು. ಮತ್ತೆ ತಿಕ್ಕು.

ಆ ಕಲ್ಲುಗಳು ಬವೇರಿಯಾದ ಜೋಲ್ನ್‌ಹೋಫೆನ್ ಕಡೆಯ ಸುಣ್ಣಕಲ್ಲು. ಸೆನೆಫೆಲ್ಡರ್ 1790ರ ದಶಕದಲ್ಲಿ ಲಿಥೋ ಕಂಡುಹಿಡಿದದ್ದು ಅದೇ ಜಾತಿಯ ಕಲ್ಲಿನ ಮೇಲೆ. ಆರ್ಕಿಯಾಪ್ಟೆರಿಕ್ಸ್ ಎಂಬ ರೆಕ್ಕೆಯ ಪ್ರಾಣಿಯ ಪಳೆಯುಳಿಕೆ ಸಿಕ್ಕಿದ್ದೂ ಆ ಗಣಿಗಳಲ್ಲೇ, 1861ರಲ್ಲಿ. ವರ್ಕ್‌ಶಾಪಿನವರು ಇದನ್ನು ಹೇಳಿದ್ದು ಗೋಡೆಯ ಮೇಲೆ ಹಕ್ಕಿ ಬರೆದು ತೋರಿಸಿ. ಜಿಡ್ಡಿನ ಕ್ರೇಯಾನ್ ಬಿದ್ದ ಕಡೆ ಶಾಯಿ ನಿಲ್ಲುತ್ತದೆ, ಒದ್ದೆಯಾದ ಕಡೆ ನಿಲ್ಲುವುದಿಲ್ಲ, ಇಷ್ಟೇ ವಿದ್ಯೆ. ಆದರೆ ಅಂಗೈ ತಾಗಿದರೆ ಅಂಗೈಯ ಜಿಡ್ಡೂ ಅಚ್ಚಾಗುತ್ತದೆ. ಚಿತ್ರ ಕಲ್ಲಿನಲ್ಲಿ ನಿಲ್ಲಲಿಕ್ಕೆ ಹಚ್ಚುವ ಗೋಂದಿಗೆ ನೈಟ್ರಿಕ್ ಆಸಿಡ್ ಎಷ್ಟು ಹನಿ ಎಂದು ಪುಸ್ತಕ ನೋಡದೆ ಹೇಳುವಷ್ಟು ಅಭ್ಯಾಸ ಮಾಡಿಸಿ ಕಳಿಸಿದ್ದಾರೆ ಆ ಮನುಷ್ಯ.

ಒಂದು ದಿನ ಅವರಿಗೆ 'ಮಂಗಳೂರ ಸಮಾಚಾರ'ದ ಕಥೆ ಹೇಳಿದೆ. ಕನ್ನಡದ ಮೊದಲ ಪತ್ರಿಕೆ, ಜರ್ಮನ್ ಮಿಶನರಿ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಬಾಸೆಲ್ ಮಿಶನ್ನಿನ ಕಲ್ಲಚ್ಚಿನಲ್ಲಿ ಹೊರಡಿಸಿದ್ದು. ಅವರು ನಂಬಲಿಲ್ಲ. ಮಂಗಳೂರಿನ ಗೆಳತಿ ಆ ರಾತ್ರಿಯೇ ಒಂದು ಪುಟದ ಫೋಟೋ ಹುಡುಕಿ ಕಳಿಸಿದಳು (ನಿನಗೆ ಒಂದು ಐಸ್‌ಕ್ರೀಮ್ ಬಾಕಿ ಉಂಟು ಮಾರಾಯ್ತಿ). ಮರುದಿನ ಅವರು ನನಗೊಂದು ದೊಡ್ಡ ಕಲ್ಲು ಕೊಟ್ಟರು. ಅದರ ಮೇಲೆ ನಮ್ಮ ತೋಟ, ಅಂಗಳದಲ್ಲಿ ಹರಡಿದ ಅಡಿಕೆ, ಸುತ್ತ ಕನ್ನಡ ಅಕ್ಷರ, ಅಚ್ಚಿನಲ್ಲಿ ನೇರ ಬರಲಿಕ್ಕೆ ಎಲ್ಲ ಉಲ್ಟಾ ಬರೆದದ್ದು. ಫೆಬ್ರುವರಿಯಲ್ಲಿ ಅಕಾಡೆಮಿಯ ಬಾಗಿಲು ಊರವರಿಗೆಲ್ಲ ತೆರೆಯುವ ದಿನಗಳಲ್ಲಿ ಗೋಡೆಗೆ ಹಾಕಿದ್ದು ಅದರ ಪ್ರಿಂಟನ್ನೇ.

ಡಿಸೆಂಬರ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನಾಲ್ಕು ಗಂಟೆಗೇ ಕತ್ತಲೆ. ಅದನ್ನು ದಾಟಿಸಿದವರು ನಮ್ಮ ಬೀದಿಯ ತರಕಾರಿ ಅಂಗಡಿಯ ವಿಯೆಟ್ನಾಮಿ ಅಮ್ಮ. ಪೂರ್ವ ಜರ್ಮನಿಯ ಕಾಲದಲ್ಲಿ ಕಾರ್ಖಾನೆಯ ಕೆಲಸಕ್ಕೆಂದು ಬಂದು, ಬರ್ಲಿನ್ ಗೋಡೆ ಬಿದ್ದ ಮೇಲೂ ಉಳಿದವರು. ನಾನು ಹಸಿಮೆಣಸು ಕೇಳಿದರೆ ಕೊತ್ತಂಬರಿ ಸೊಪ್ಪು ಸುಮ್ಮನೆ ಚೀಲಕ್ಕೆ ಹಾಕುತ್ತಿದ್ದರು. ಜ್ವರ ಬಂದ ವಾರ ಮೆಟ್ಟಿಲು ಹತ್ತಿ ಗಂಜಿ ತಂದುಕೊಟ್ಟರು. ಕೆಮ್ನಿಟ್ಸ್‌ನಲ್ಲಿ ಎಂಜಿನಿಯರಿಂಗ್ ಓದುವ ನಮ್ಮ ಹುಡುಗರು ರೈಲು ಹತ್ತಿ ಬಂದು, ಊರಿಂದ ತಂದಿದ್ದ ಕುಚ್ಚಲಕ್ಕಿಯಲ್ಲಿ ಪಾಲು ಕೊಟ್ಟು ಹೋದರು. ಅಲ್ಲಿ ಅದರ ಬೆಲೆ ಗೊತ್ತಿದ್ದವರಿಗೆ ಇದು ಎಷ್ಟು ದೊಡ್ಡ ವಿಷಯ ಎಂದು ಅರ್ಥವಾಗುತ್ತದೆ.

ಈಗ ಸಾಲದ ವಿಷಯ. ಸೊಸೈಟಿಯದ್ದನ್ನು ತೀರಿಸಲಿಕ್ಕೆ ಜೂನ್‌ನಿಂದ ಮಕ್ಕಳಿಗೆ ಚಿತ್ರದ ಕ್ಲಾಸು ಶುರು ಮಾಡುತ್ತಿದ್ದೇನೆ. ಬಡ್ಡಿಯ ಲೆಕ್ಕಕ್ಕೆ, ಹಣ ಕೊಟ್ಟ ಮನೆಗೊಂದರಂತೆ ಆ ತೋಟದ ಪ್ರಿಂಟ್. ಇನ್ನೊಂದು ಬೇಕೆಂದರೆ ಇಲ್ಲ, ಕಲ್ಲನ್ನು ಬರುವ ಮೊದಲೇ ತಿಕ್ಕಿ ಮುಂದಿನವರಿಗೆ ಕೊಟ್ಟು ಬಂದಿದ್ದೇನೆ. ದೊಡ್ಡಪ್ಪನದ್ದು ಫ್ರೇಮಿಗೆ ಹೋಗಿದೆ. ಸಂಘದ ಅಕ್ಕಂದಿರದ್ದು ಅಮ್ಮನ ಹತ್ತಿರ ಉಂಟು, ಭಾನುವಾರದ ಮೀಟಿಂಗಿಗೆ ತರುತ್ತಾರೆ. ಸುರುಳಿ ಬಿಚ್ಚುವಾಗ ಕೈ ಒದ್ದೆ ಇರಬಾರದು, ಅಷ್ಟೇ.