ಗೋಳ ಮುಚ್ಚಿಟ್ಟ ತಪ್ಪು, ಕೋಲು ತೋರಿಸಿದ ದಾರಿ

ಅಣುವಿನ ಆಕಾರವು ನೈಜ ಅನಿಲದ ನಡವಳಿಕೆಯನ್ನು ಹೇಗೆ ಬದಲಿಸುತ್ತದೆ ಎಂಬುದನ್ನು ಕುರಿತ ನನ್ನ ಮಹಾಪ್ರಬಂಧವು ಕಳೆದ ವಾರ ಅಂಗೀಕಾರವಾಯಿತು. ಆರು ವರ್ಷಗಳ ಈ ಕೆಲಸದಲ್ಲಿ ಕೊನೆಯ ಹದಿನಾಲ್ಕು ತಿಂಗಳು ನನ್ನದೇ ಒಂದು ತಪ್ಪನ್ನು ತಿದ್ದುವುದರಲ್ಲಿ ಕಳೆದುಹೋದವು. ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಹೆಸರುಗಳನ್ನಷ್ಟೇ ಬರೆದು ಮುಗಿಸಿದ್ದೆ. ಯಾರಿಂದ ಏನು ಪಡೆದೆ ಎಂಬುದನ್ನು ಬಿಡಿಸಿ ಹೇಳದಿದ್ದರೆ ಋಣ ಹಾಗೆಯೇ ಉಳಿಯುತ್ತದೆ ಎನಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ನಮಸ್ಕಾರ ನನ್ನ ಮಾರ್ಗದರ್ಶಕಿಯವರಿಗೆ. ಮೊದಲ ದಿನವೇ ಅವರು ಕೇಳಿದ್ದು ಪೆಂಟೇನ್ ಮತ್ತು ನಿಯೋಪೆಂಟೇನ್‌ಗಳ ಬಗ್ಗೆ: ಎರಡರಲ್ಲೂ ಐದು ಇಂಗಾಲ, ಹನ್ನೆರಡು ಜಲಜನಕ, ತೂಕವೂ ಒಂದೇ; ಹಾಗಿದ್ದರೂ ಸರಪಳಿಯಂತಿರುವ ಮೊದಲನೆಯದು 36 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದರೆ, ಉಂಡೆಯಂತಿರುವ ಎರಡನೆಯದು 9.5 ಡಿಗ್ರಿಯಲ್ಲೇ ಏಕೆ ಕುದಿಯುತ್ತದೆ? ಉದ್ದನೆಯ ಅಣುಗಳು ಮಗ್ಗುಲಿಗೆ ಮಗ್ಗುಲು ತಾಗಿ ಹೆಚ್ಚು ಮೇಲ್ಮೈಯುದ್ದಕ್ಕೂ ಒಂದನ್ನೊಂದು ಸೆಳೆಯಬಲ್ಲವು, ಉಂಡೆಗಳಿಗೆ ಆ ಅವಕಾಶ ಕಡಿಮೆ ಎಂದು ನಾನು ತಡವರಿಸಿ ಹೇಳಿದಾಗ, ಅದು ಅರ್ಧ ಉತ್ತರ ಮಾತ್ರ, ಉಳಿದರ್ಧ ಅವು ಒಂದಕ್ಕೊಂದು ಬಿಟ್ಟುಕೊಡದ ಜಾಗದಲ್ಲಿದೆ ಎಂದರು. ಆ ಉಳಿದರ್ಧವೇ ನನ್ನ ಆರು ವರ್ಷವಾಯಿತು.

ಪ್ರಯೋಗಾಲಯದ ಹಿರಿಯ ಸಹೋದ್ಯೋಗಿಯೊಬ್ಬರು ನನಗೆ ಹಳೆಯ ಕೃತಿಗಳನ್ನು ಓದುವ ತಾಳ್ಮೆ ಕಲಿಸಿದರು. 1873ರಲ್ಲಿ ಡಚ್ ಭೌತವಿಜ್ಞಾನಿ ವಾನ್ ಡರ್ ವಾಲ್ಸ್ ನೈಜ ಅನಿಲಗಳಿಗೆ ಕೊಟ್ಟ ಸಮೀಕರಣದಲ್ಲಿ ಅಣುವಿನ ಸೆಳೆತಕ್ಕೆ ಒಂದು ಸಂಖ್ಯೆ, ಗಾತ್ರಕ್ಕೆ ಒಂದು ಸಂಖ್ಯೆ ಇದೆ. ಆಕಾರಕ್ಕೆ ಏನೂ ಇಲ್ಲ. ಅದರ ಪ್ರಕಾರ ಕ್ರಾಂತಿಕ ಬಿಂದುವಿನಲ್ಲಿ, ಅಂದರೆ ದ್ರವಕ್ಕೂ ಆವಿಗೂ ಭೇದ ಅಳಿದುಹೋಗುವ ತಾಪ ಮತ್ತು ಒತ್ತಡದಲ್ಲಿ, ಎಲ್ಲ ಅನಿಲಗಳ ಸಂಪೀಡ್ಯತಾ ಗುಣಾಂಕವೂ (ಅಣುಗಳಿಗೆ ಗಾತ್ರವೂ ಸೆಳೆತವೂ ಇಲ್ಲವೆಂದುಕೊಂಡ ಆದರ್ಶ ಅನಿಲದಲ್ಲಿ ಇದು 1) 0.375 ಆಗಬೇಕು, ಆದರೆ ಆರ್ಗಾನ್‌ಗೆ ಅದು ಸುಮಾರು 0.29, ನೀರಿಗೆ 0.23. ಈ ಅಂತರಕ್ಕೆ 1955ರಲ್ಲಿ ರಸಾಯನವಿಜ್ಞಾನಿ ಪಿಟ್ಜರ್ ಮೂರನೆಯದೊಂದು ಸಂಖ್ಯೆಯನ್ನು, ಅಸೆಂಟ್ರಿಕ್ ಫ್ಯಾಕ್ಟರನ್ನು, ಸೇರಿಸಿದ ರೀತಿಯ ಸರಳತೆ ನನ್ನನ್ನು ಈಗಲೂ ಬೆರಗುಗೊಳಿಸುತ್ತದೆ. ಕ್ರಾಂತಿಕ ತಾಪದ ಹತ್ತರಲ್ಲಿ ಏಳು ಪಾಲಿನಷ್ಟು ತಾಪದಲ್ಲಿ ಆರ್ಗಾನ್‌ನ ಆವಿಯ ಒತ್ತಡ ಅದರ ಕ್ರಾಂತಿಕ ಒತ್ತಡದ ಹತ್ತನೇ ಒಂದು ಭಾಗವಿರುತ್ತದೆ. ನಿಯೋಪೆಂಟೇನ್‌ನಲ್ಲಿ ಅದು ಸುಮಾರು ಹದಿನಾರನೇ ಒಂದು, ಪೆಂಟೇನ್‌ನಲ್ಲಿ ಹದಿನೆಂಟನೇ ಒಂದು, ಆಕ್ಟೇನ್‌ನಲ್ಲಿ ಇಪ್ಪತ್ತೈದನೇ ಒಂದು ಭಾಗಕ್ಕೆ ಇಳಿಯುತ್ತದೆ. ಈ ಇಳಿತವನ್ನೇ ಆ ಮೂರನೆಯ ಸಂಖ್ಯೆ ಅಳೆಯುತ್ತದೆ; ಗೋಳದಂತಿರುವ ಆರ್ಗಾನ್‌ಗೆ ಅದು ಸೊನ್ನೆ. (ಇದನ್ನು ಬರಿಯ ಆಕಾರದ ಅಳತೆ ಎನ್ನುವವರೊಡನೆ ನನ್ನ ಜಗಳವಿದೆ: ಗಿಡ್ಡ ಅಣುವಾದ ನೀರಿಗೂ ಆ ಸಂಖ್ಯೆ 0.34ರಷ್ಟು ದೊಡ್ಡದು, ಮತ್ತು ಅದಕ್ಕೆ ಮುಖ್ಯ ಕಾರಣ ಜಲಜನಕ ಬಂಧ.)

ಇನ್ನು ನನ್ನ ತಪ್ಪಿನ ವಿಷಯ. ಎರಡೆರಡು ಅಣುಗಳ ಪರಸ್ಪರ ಕ್ರಿಯೆಯಿಂದ ಅನಿಲವು ಆದರ್ಶ ನಿಯಮವನ್ನು ಎಷ್ಟು ಮೀರುತ್ತದೆ ಎಂಬುದನ್ನು ಹೇಳುವ ಎರಡನೆಯ ವಿರಿಯಲ್ ಗುಣಾಂಕವನ್ನು ಲೆಕ್ಕಹಾಕಲು, ಒಂದು ಅಣುವನ್ನು ನೆಟ್ಟಗೆ ನಿಲ್ಲಿಸಿ ಇನ್ನೊಂದನ್ನು ಎಲ್ಲ ದಿಕ್ಕುಗಳಿಗೂ ತಿರುಗಿಸುವ ಗಣಕದ ಕ್ರಮವಿಧಿಯೊಂದನ್ನು ಬರೆದಿದ್ದೆ. ಗಟ್ಟಿ ಗೋಳಗಳಿಗೆ ಉತ್ತರ ಗೋಳದ ಗಾತ್ರದ ನಾಲ್ಕು ಪಟ್ಟು ಬರಬೇಕು; ನನಗೆ ನಾಲ್ಕೇ ಬಂದಿತ್ತು, ಹಾಗಾಗಿ ನಿಶ್ಚಿಂತನಾಗಿದ್ದೆ. ಕರಡನ್ನು ಓದಿದ ಪರೀಕ್ಷಕರೊಬ್ಬರು ಬಹಳ ಮೆಲ್ಲಗೆ, ಗೋಳಕ್ಕೆ ದಿಕ್ಕೇ ಇಲ್ಲವಲ್ಲ, ಕೋಲಿಗೆ ಪರೀಕ್ಷಿಸಿದ್ದೀರಾ ಎಂದು ಕೇಳಿದರು. ಉಬ್ಬು ಆಕಾರದ ಯಾವುದೇ ಗಟ್ಟಿ ಕಾಯಕ್ಕೆ ಭೌತವಿಜ್ಞಾನಿ ಇಸಿಹಾರಾ 1950ರಲ್ಲಿ ಕೊಟ್ಟ ಸೂತ್ರದಂತೆ, ತನ್ನ ಅಗಲದ ಎರಡರಷ್ಟು ಉದ್ದದ ಸಿಲಿಂಡರಿಗೆ ಎರಡೂ ತುದಿಯಲ್ಲಿ ಅರ್ಧಗೋಳ ಜೋಡಿಸಿದರೆ ಉತ್ತರ ಅದರ ಗಾತ್ರದ 5.5 ಪಟ್ಟು. ನನ್ನ ಕ್ರಮವಿಧಿ ಕೊಟ್ಟದ್ದು 5.22.

ತಪ್ಪು ಇದ್ದದ್ದು ಇಲ್ಲಿ: ಎರಡು ಅಣುಗಳ ನಡುವಿನ ಓರೆಯ ಕೋನವನ್ನು ಸಮನಾಗಿ ಹಂಚಿದ್ದೆ. ಹಂಚಬೇಕಾದದ್ದು ಆ ಕೋನದ ಕೊಸೈನನ್ನು. ಭೂಗೋಳದ ಪ್ರತಿ ಅಕ್ಷಾಂಶಕ್ಕೂ ಸಮಸಂಖ್ಯೆಯ ಚುಕ್ಕಿ ಇಟ್ಟರೆ ಧ್ರುವಗಳ ಚಿಕ್ಕ ವೃತ್ತಗಳಲ್ಲಿ ಚುಕ್ಕಿಗಳು ಕಿಕ್ಕಿರಿಯುವಂತೆ, ನನ್ನ ಅಣುಗಳು ಇರಬೇಕಾದುದಕ್ಕಿಂತ ಹೆಚ್ಚು ಬಾರಿ ಪರಸ್ಪರ ಸಮಾಂತರವಾಗಿ ನಿಲ್ಲುತ್ತಿದ್ದವು, ಒಂದಕ್ಕೊಂದು ಕಡಿಮೆ ಅಡ್ಡ ಬರುತ್ತಿದ್ದವು. ವಿಕರ್ಷಣೆ ಹೀಗೆ ಕುಗ್ಗಿದ್ದರಿಂದ, ಅಳೆದ ಮೌಲ್ಯಗಳಿಗೆ ಹೊಂದಿಸುವಾಗ ಸೆಳೆತವೂ ಕಡಿಮೆಯೆಂದೇ ಕಾಣುತ್ತಿತ್ತು. ಉದ್ದ ಹೆಚ್ಚಿದಂತೆ ಸೆಳೆತ ಸೊರಗುತ್ತದೆ ಎಂದು ನಾಲ್ಕನೆಯ ಅಧ್ಯಾಯದಲ್ಲಿ ನಾನು ಹೆಮ್ಮೆಯಿಂದ ಸಾರಿದ ತೀರ್ಮಾನ ಅಣುಗಳದ್ದಾಗಿರಲಿಲ್ಲ, ನನ್ನ ಕ್ರಮವಿಧಿಯ ಒಂದು ಸಾಲಿನದಾಗಿತ್ತು.

ಅಧ್ಯಾಯವನ್ನು ಹರಿದುಹಾಕಿದ ಆ ದಿನಗಳಲ್ಲಿ ಬೈಯದೆ, ಸಮಾಧಾನದ ಮಾತನ್ನೂ ಆಡದೆ, ಪಕ್ಕದಲ್ಲಿ ಕುಳಿತು ಪ್ರತಿ ಅಣುವಿನ ಲೆಕ್ಕವನ್ನು ಮರಳಿ ಓಡಿಸಿದ ಮಾರ್ಗದರ್ಶಕಿಯವರಿಗೆ, ರಾತ್ರಿ ಹೊತ್ತು ಗಣಕದ ಸಮಯವನ್ನು ಬಿಟ್ಟುಕೊಟ್ಟ ಸಹಪಾಠಿಗಳಿಗೆ, ಮುಗಿಯಿತೇ ಎಂದು ಒಮ್ಮೆಯೂ ಕೇಳದ ಮನೆಯವರಿಗೆ ನಾನು ಆಭಾರಿ. ಆ ಪರೀಕ್ಷಕರು ತಪ್ಪನ್ನು ವರದಿಯಲ್ಲಿ ಬರೆದು ಪ್ರಬಂಧವನ್ನು ತಳ್ಳಿಹಾಕಬಹುದಿತ್ತು. ಅವರು ಪ್ರಶ್ನೆ ಕೇಳಿ, ಕಾದರು.

ತಿದ್ದಿದ ಕ್ರಮವಿಧಿಯನ್ನು ಬೇಕಾದವರಿಗೆ ಹಂಚುತ್ತಿದ್ದೇನೆ. ಅದನ್ನು ತೆರೆದ ಕೂಡಲೇ ಓಡುವ ಮೊದಲ ಪರೀಕ್ಷೆಯಲ್ಲಿ ಈಗ ಗೋಳವಿಲ್ಲ, ಕೋಲಿದೆ.