ತೋಟದ ನೀರಿಗೆ ಸರ್ಕಾರಿ ಸಾಲ: ಸಹಿಗೆ ಮುನ್ನ

ಸದಸ್ಯರೇ, ಬಡಾವಣೆಯ ತೋಟಗಳಿಗೆ ಶುದ್ಧೀಕರಿಸದ ನೀರು ಹರಿಸುವ ಕೊಳವೆ ಜಾಲಕ್ಕೆ ಸರ್ಕಾರಿ ಸಾಲ ಪಡೆಯುವ ಪ್ರಸ್ತಾವ ಭಾನುವಾರದ ಸಭೆಗೆ ಬರುತ್ತಿದೆ. ಕುಡಿಯಲು ಶುದ್ಧಗೊಳಿಸಿದ ನೀರನ್ನು ಹುಲ್ಲಿಗೆ ಸುರಿಯುವುದು ದುಬಾರಿ ದಡ್ಡತನ, ಒಪ್ಪುತ್ತೇನೆ. ಆದರೆ ಇದು ಅನುದಾನವಲ್ಲ, ಸಾಲ. ಬಡ್ಡಿ ಕಡಿಮೆಯಿದ್ದರೂ ಅಸಲು ನಮ್ಮ ತಲೆಯ ಮೇಲೆಯೇ. ಮನೆ ಮಾರಿದರೆ ಬಾಕಿ ಕಂತು ಯಾರದು? ತೋಟವೇ ಇಲ್ಲದವರು ಎಷ್ಟು ಕೊಡಬೇಕು? ಪಂಪಿನ ವಿದ್ಯುತ್, ದುರಸ್ತಿಯ ಖರ್ಚು ಲೆಕ್ಕದಲ್ಲಿ ಸೇರಿದೆಯೇ? ಲಿಖಿತ ಉತ್ತರ ಸಿಗುವವರೆಗೆ ಸಹಿ ಹಾಕಬೇಡಿ.

ಇನ್ನೊಂದು ಮಾತು: ಈ ಕೊಳವೆ ಕುಡಿಯುವ ನೀರಿನ ಕೊಳವೆಯನ್ನು ಎಲ್ಲಿಯೂ ಕೂಡಬಾರದು, ಒತ್ತಡ ಇಳಿದಾಗ ಕಚ್ಚಾ ನೀರು ಹಿಮ್ಮುಖವಾಗಿ ನುಗ್ಗಬಹುದು. ನಲ್ಲಿಗಳಿಗೆ ಬೇರೆ ಬಣ್ಣ, ‘ಕುಡಿಯಬೇಡಿ’ ಫಲಕ ಅಂದಾಜುಪಟ್ಟಿಯಲ್ಲಿಯೇ ಇರಲಿ.

ಪ್ರಶ್ನೆಗಳನ್ನು ಶುಕ್ರವಾರದೊಳಗೆ ಇಲ್ಲಿ ಬರೆಯಿರಿ. ಶುಭೋದಯದ ಚಿತ್ರಗಳ ನಡುವೆ ಕಳೆದುಹೋಗದಂತೆ ಪಟ್ಟಿ ಮಾಡಿಕೊಳ್ಳುತ್ತೇನೆ.