ಗಾಡಿ ಹುಚ್ಚಿನ ಮಕ್ಕಳಿಗೆ ಗಣಿತದ ವಿಷಯ ಮೊದಲೇ ಹೇಳಿ

ಸಂಪಾದಕರೇ,

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗಲೆಲ್ಲ ಕೇಳುವ ಮಾತು ಒಂದಿದೆ: ‘ನಮ್ಮ ಹುಡುಗನಿಗೆ ಗಾಡಿ ಅಂದ್ರೆ ಪ್ರಾಣ, ಆಟೊಮೊಬೈಲ್ ಎಂಜಿನಿಯರ್ ಮಾಡಿಸ್ತೀವಿ.’ ಮಾಡಿಸಲಿ, ಬೇಡ ಅಂದವರು ಯಾರು? ಆದರೆ ಎಷ್ಟೋ ಮನೆಗಳಲ್ಲಿ ಅದೇ ಹುಡುಗನನ್ನು, ಗಣಿತ ಕಷ್ಟ ಅಂತ, ಪಿಯುಸಿಯಲ್ಲಿ ಗಣಿತ ಇಲ್ಲದ ಕಾಂಬಿನೇಷನ್‌ಗೆ ಸೇರಿಸಿರುತ್ತಾರೆ. ಸಿಇಟಿ ಅರ್ಜಿ ತುಂಬುವ ಹೊತ್ತಿಗೆ ಗೊತ್ತಾಗುತ್ತದೆ, ಆ ಬಾಗಿಲು ಮುಚ್ಚಿ ಎರಡು ವರ್ಷ ಆಗಿದೆ ಅಂತ.

ನಮ್ಮ ರಾಜ್ಯದಲ್ಲಿ ಸಿಇಟಿ ಮೂಲಕ ಬಿ.ಇ. ಸೀಟು ಬೇಕಿದ್ದರೆ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಇರಲೇಬೇಕು. ಮೂರನೆಯದು ರಸಾಯನಶಾಸ್ತ್ರ ಆಗಬಹುದು, ಕಂಪ್ಯೂಟರ್ ಸೈನ್ಸ್ ಅಥವಾ ಎಲೆಕ್ಟ್ರಾನಿಕ್ಸ್ ಕೂಡ ಆಗಬಹುದು. ಸಾಮಾನ್ಯ ವರ್ಗದವರಿಗೆ ಈ ವಿಷಯಗಳಲ್ಲಿ ಒಟ್ಟು ಶೇ 45, ಮೀಸಲಾತಿ ಇರುವವರಿಗೆ ಶೇ 40 ಅಂಕ ಸಾಕು. ಹಾಗಂತ ಸುಮ್ನೆ ಪಾಸಾದರೆ ಸಾಲದು, ರ‍್ಯಾಂಕ್ ಲೆಕ್ಕದಲ್ಲಿ ಅರ್ಧ ಪಾಲು ಪಿಯುಸಿ ಅಂಕಗಳದ್ದೇ.

ಪಿಯುಸಿ ಬೇಡ ಅನ್ನುವವರಿಗೆ ಡಿಪ್ಲೊಮಾ ಇದೆ. ಇದನ್ನು ‘ಓದಲಾರದವರ ಕೋರ್ಸ್’ ಅಂತ ಮೂಗು ಮುರಿಯುವುದು ನನಗೆ ಅರ್ಥವೇ ಆಗಿಲ್ಲ. ಹತ್ತನೇ ತರಗತಿ ಆದ ಮೇಲೆ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ, ಆಮೇಲೆ ಡಿಸಿಇಟಿ (ಡಿಪ್ಲೊಮಾ ಆದವರ ಪ್ರವೇಶ ಪರೀಕ್ಷೆ) ಬರೆದು ನೇರ ಎರಡನೇ ವರ್ಷದ ಬಿ.ಇ.ಗೆ ಸೇರಿದರೆ ಇನ್ನು ಮೂರು ವರ್ಷ. ಒಟ್ಟು ಆರು. ಪಿಯುಸಿ ಎರಡು, ಬಿ.ಇ. ನಾಲ್ಕು ಅಂದರೂ ಆರೇ ಅಲ್ವಾ? ಮನೆಯಲ್ಲಿ ದುಡ್ಡಿನ ತೊಂದರೆ ಬಂದರೆ ಡಿಪ್ಲೊಮಾ ಮುಗಿಸಿದವರು ಅಲ್ಲಿಗೇ ನಿಲ್ಲಿಸಿ ಕೆಲಸಕ್ಕಾದರೂ ಹೋಗಬಹುದು, ಬರೀ ಪಿಯುಸಿ ಆದವರಿಗೆ ಆ ಅನುಕೂಲ ಕಡಿಮೆ. ಐಟಿಐ ಮುಗಿಸಿದವರಿಗೂ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರುವ ಅವಕಾಶ ಇದೆ. ಆದರೆ ಯಾವ ದಾರಿಯಲ್ಲಿ ಹೋದರೂ ಗಣಿತ ಬಿಡುವುದಿಲ್ಲ. ಬ್ರೇಕ್ ರಿಪೇರಿಗೆ ಕೈ ಪಳಗಿದರೆ ಸಾಕು, ಆದರೆ ಬ್ರೇಕ್ ರೂಪಿಸುವ ಎಂಜಿನಿಯರ್‌ಗೆ ಅದು ಸಾಲದು. ಇಷ್ಟು ತೂಕದ ಗಾಡಿ ಇಷ್ಟು ದೂರದಲ್ಲಿ ನಿಲ್ಲಬೇಕು, ಅದಕ್ಕೆ ಡಿಸ್ಕ್ ಎಷ್ಟು ದೊಡ್ಡದಿರಬೇಕು, ಎಷ್ಟು ಬಿಸಿ ತಾಳಬೇಕು ಅನ್ನುವುದು ಲೆಕ್ಕದ ಕೆಲಸ.

ಇನ್ನೊಂದು ವಿಷಯ. ‘ಆಟೊಮೊಬೈಲ್’ ಅಂತ ಹೆಸರಿರುವ ಬ್ರಾಂಚೇ ಸಿಗಬೇಕು ಅಂತ ಹಟ ಹಿಡಿಯಬೇಡಿ. ಅದು ಇರುವ ಕಾಲೇಜುಗಳೇ ಕಡಿಮೆ. ಮೆಕ್ಯಾನಿಕಲ್ ಓದಿದವರೂ ಇದೇ ಕೆಲಸಕ್ಕೆ ಹೋಗುತ್ತಾರೆ. ಎಲೆಕ್ಟ್ರಿಕ್ ಗಾಡಿಗಳು ಬಂದ ಮೇಲಂತೂ ಬ್ಯಾಟರಿ, ಮೋಟಾರ್ ಕಂಟ್ರೋಲರ್, ಸಾಫ್ಟ್‌ವೇರ್ ಅಂತ ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್‌ನವರಿಗೂ ಕೆಲಸ ಇದೆ. ಬೆಂಗಳೂರಿನಲ್ಲಿ ಬಾಷ್, ಮರ್ಸಿಡಿಸ್ ಬೆಂಜ್‌ನಂಥ ಕಂಪನಿಗಳ ದೊಡ್ಡ ಎಂಜಿನಿಯರಿಂಗ್ ಕೇಂದ್ರಗಳೇ ಇವೆ. (ಹೆಣ್ಣುಮಕ್ಕಳಿಗೆ ‘ಗ್ರೀಸ್ ಕೆಲಸ ನಿನಗ್ಯಾಕೆ’ ಅನ್ನುವವರು ಅಂಥ ಆಫೀಸೊಂದನ್ನು ಒಮ್ಮೆ ನೋಡಿ ಬರಲಿ.)

ಫಲಿತಾಂಶದ ದಿನ ನಿಮ್ಮ ಪತ್ರಿಕೆ ರ‍್ಯಾಂಕ್ ಬಂದವರ ಫೋಟೊಗಳಿಗೆ ಪುಟಗಟ್ಟಲೆ ಜಾಗ ಕೊಡುತ್ತದೆ. ಅದರಲ್ಲಿ ಅರ್ಧ ಪುಟ ಕಡಿಮೆ ಮಾಡಿ, ಯಾವ ಕಾಂಬಿನೇಷನ್ ತಗೊಂಡರೆ ಯಾವ ದಾರಿ ಮುಚ್ಚುತ್ತದೆ ಅನ್ನುವುದನ್ನು ಹಾಕಿ. ಪಿಯುಸಿ ಪ್ರವೇಶ ಶುರುವಾಗುವ ಮೊದಲೇ ಹಾಕಿ.

– ಒಬ್ಬ ಪೋಷಕ, ಹಾಸನ